ಬೆಳಕನ್ನು ತಿರುಗಿಸುವ ರೇಷ್ಮೆ, ಬೆಂಗಳೂರಿನ ಗಣಿತ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯಲ್ಲಿ ರೇಷ್ಮೆ ಎಂದರೆ ಮೊದಲು ಬರುವ ಮಾತು ಗೂಡಿನ ದರ. ಹಿಪ್ಪುನೇರಳೆ ತೋಟಕ್ಕೆ ಕೊಳವೆಬಾವಿ ನೀರು ಸಾಲುತ್ತದೆಯೇ, ಚಾಕಿ ಹುಳು ಚೆನ್ನಾಗಿ ಬಂದಿದೆಯೇ, ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಸಾಕಾಗುತ್ತದೆಯೇ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜು ಎಷ್ಟಕ್ಕೆ ನಿಂತಿತು: ಮನೆಮಂದಿಯ ಲೆಕ್ಕಾಚಾರವೆಲ್ಲ ಇದರ ಸುತ್ತಲೇ. ಆದರೆ ಹಣ್ಣಾದ ಹುಳು ಚಂದ್ರಿಕೆ ಹತ್ತಿ ಗೂಡು ಕಟ್ಟಲು ತೊಡಗಿದಾಗ ಅದರ ಬಾಯಿಂದ ಹೊರಡುವ ಎಳೆಗೆ ಇನ್ನೊಂದು ಗುಣವಿದೆ. ಮಾರುಕಟ್ಟೆಯ ತಕ್ಕಡಿಗೆ ಅದು ಸಿಗುವುದಿಲ್ಲ, ಹರಾಜಿನಲ್ಲಿ ಅದಕ್ಕೆ ಬೆಲೆಯೂ ಇಲ್ಲ. ಆ ಎಳೆ ತನ್ನ ಮೂಲಕ ಹಾಯುವ ಬೆಳಕಿನ ಕಂಪನದ ದಿಕ್ಕನ್ನೇ ಬದಲಿಸುತ್ತದೆ. ಸುಮಾರು 10 ಮೈಕ್ರಾನ್ ದಪ್ಪದೊಳಗೆ, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದೊಳಗೆ, ಈ ಕೆಲಸ ಮುಗಿದುಹೋಗುತ್ತದೆ.

ಬೆಳಕಿನ ಕಂಪನದ ದಿಕ್ಕನ್ನು ಹಿಡಿತಕ್ಕೆ ತರುವ ಸಾಧನಗಳನ್ನು ಇಷ್ಟೇ ಸಣ್ಣದಾಗಿ, ಇದಕ್ಕಿಂತಲೂ ಸಣ್ಣದಾಗಿ ಮಾಡುವುದು ಇವತ್ತು ದೃಗ್ವಿಜ್ಞಾನದ ಮುಂಚೂಣಿಯ ಕೆಲಸಗಳಲ್ಲಿ ಒಂದು. ಮೊಬೈಲ್ ಕ್ಯಾಮೆರಾ, ಉಪಗ್ರಹ, ಎಂಡೋಸ್ಕೋಪು, ಮುಖಕ್ಕೆ ತೊಡುವ ಡಿಜಿಟಲ್ ಕನ್ನಡಕ ಎಲ್ಲಕ್ಕೂ ಅದು ಬೇಕು. ಈ ವಿದ್ಯೆಯ ಅಡಿಪಾಯದ ಕಲ್ಲೊಂದನ್ನು ಇಟ್ಟದ್ದು 1956ರಲ್ಲಿ, ಬೆಂಗಳೂರಿನಲ್ಲಿ, 22 ವರ್ಷದ ಒಬ್ಬ ಸಂಶೋಧಕರು. ಅವರ ಹೆಸರು ಹೊತ್ತ ತತ್ವವನ್ನು ಜಗತ್ತಿನ ಹಲವು ನ್ಯಾನೊ ಪ್ರಯೋಗಾಲಯಗಳು ಬಳಸುತ್ತವೆ. ನಮ್ಮ ಶಾಲೆಯ ಮಕ್ಕಳಿಗೆ ಮಾತ್ರ ಆ ಹೆಸರು ತಿಳಿಯದು. ಈ ಕೊರತೆ ನೀಗಬೇಕು ಎಂಬುದೇ ಈ ಲೇಖನದ ಕಳಕಳಿ.

ಅಲೆ ಕಂಪಿಸುವ ದಿಕ್ಕು

ಬೆಳಕು ಅಲೆಯಾಗಿ ಸಾಗುತ್ತದೆ. ಸಾಗುವ ದಿಕ್ಕಿಗೆ ಅಡ್ಡಲಾಗಿ ಅದರ ವಿದ್ಯುತ್ ಕ್ಷೇತ್ರ ಕಂಪಿಸುತ್ತದೆ. ಸೂರ್ಯನ ಬೆಳಕಿನಲ್ಲಿ, ಮನೆಯ ಬಲ್ಬಿನ ಬೆಳಕಿನಲ್ಲಿ ಈ ಕಂಪನ ಮೇಲೆ-ಕೆಳಗೆ, ಎಡ-ಬಲ, ಓರೆ ಎಂದು ಎಲ್ಲ ಕಡೆಗೂ ಹರಡಿರುತ್ತದೆ, ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಕಂಪನವೆಲ್ಲ ಒಂದು ಕ್ರಮಕ್ಕೆ ಬಂದರೆ ಅದು ಧ್ರುವೀಕೃತ ಬೆಳಕು. ಒಂದೇ ಗೆರೆಯಲ್ಲಿ ಕಂಪಿಸಿದರೆ ರೇಖೀಯ ಧ್ರುವೀಕರಣ. ಸಾಗುತ್ತಲೇ ಕಂಪನದ ದಿಕ್ಕು ಸುತ್ತುತ್ತ ಹೋದರೆ ವೃತ್ತೀಯ ಧ್ರುವೀಕರಣ. ಅದರಲ್ಲಿ ಬಲಸುತ್ತು, ಎಡಸುತ್ತು ಎಂದು ಎರಡು ಬಗೆ.

ನಮ್ಮ ಕಣ್ಣು ಬಣ್ಣವನ್ನು ಗುರುತಿಸುತ್ತದೆ, ಹೊಳಪನ್ನು ಗುರುತಿಸುತ್ತದೆ, ಕಂಪನದ ದಿಕ್ಕನ್ನು ಮಾತ್ರ ಗುರುತಿಸುವುದಿಲ್ಲ. ಜೇನುಹುಳು ಗುರುತಿಸುತ್ತದೆ. ಸೂರ್ಯ ಮೋಡದ ಮರೆಯಲ್ಲಿದ್ದರೂ ನೀಲಿ ಆಕಾಶದ ಒಂದು ತುಂಡು ಕಂಡರೆ ಸಾಕು, ಅಲ್ಲಿಂದ ಬರುವ ಬೆಳಕಿನ ಧ್ರುವೀಕರಣದಿಂದ ಅದು ದಾರಿ ತಿಳಿದುಕೊಳ್ಳುತ್ತದೆ. ಕೆರೆಯ ನೀರಿನ ಮೇಲೆ ಕಣ್ಣು ಕುಕ್ಕುವ ಪ್ರತಿಫಲನವೂ ಬಹುಪಾಲು ಧ್ರುವೀಕೃತವೇ. ಅದಕ್ಕೇ ಪೋಲರಾಯ್ಡ್ ಕನ್ನಡಕ ಹಾಕಿದವರಿಗೆ ಥಳಥಳಿಕೆ ಅಡಗಿ ನೀರಿನೊಳಗಿನ ಕಲ್ಲು, ಮೀನು ಕಾಣುತ್ತವೆ.

ಪ್ರತಿಫಲಿತ ಬೆಳಕಿನ ಈ ಗುಣವನ್ನು 1808ರಲ್ಲಿ ಫ್ರಾನ್ಸಿನ ಎಟಿಯೆನ್ ಲೂಯಿ ಮಾಲ್ಯು ಕಂಡುಕೊಂಡರು. 1828ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನಿಕೋಲ್ ಐಸ್‌ಲೆಂಡಿನ ಪಾರದರ್ಶಕ ಕ್ಯಾಲ್ಸೈಟ್ ಹರಳನ್ನು ಕತ್ತರಿಸಿ ಮತ್ತೆ ಅಂಟಿಸಿ ಧ್ರುವೀಕೃತ ಬೆಳಕನ್ನಷ್ಟೇ ಹೊರಗೆ ಬಿಡುವ ಪ್ರಿಸಂ ಮಾಡಿದರು. ಮುಂದೆ ನೂರು ವರ್ಷ ಈ ವಿದ್ಯೆ ಬೆರಳುದ್ದದ ಹರಳುಗಳ ಮೇಲೇ ನಡೆಯಿತು. ಒಳ್ಳೆಯ ಹರಳು ಅಪರೂಪ, ಬೆಲೆಯೂ ದುಬಾರಿ. 1929ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡ್ ಪ್ಲಾಸ್ಟಿಕ್ ಹಾಳೆಯಲ್ಲೇ ಆ ಕೆಲಸ ಮಾಡಿಸುವ ದಾರಿ ಕಂಡುಹಿಡಿದರು. ಪೋಲರಾಯ್ಡ್ ಹಾಳೆ ಬಂದದ್ದು ಹಾಗೆ. ಧ್ರುವೀಕರಣದ ಸಾಧನ ಮೊದಲ ಬಾರಿಗೆ ಹಗುರವಾಯಿತು, ತೆಳುವಾಯಿತು, ಸಾಮಾನ್ಯರ ಕೈಗೆ ಬಂತು.

ಎಳೆಯೊಳಗಿನ ಶಿಸ್ತು

ರೇಷ್ಮೆಯ ಗುಣವನ್ನು ನೋಡಲು ಒಂದು ಲ್ಯಾಪ್‌ಟಾಪ್ ಸಾಕು. ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆದಿಡಿ. ಪರದೆಯ ಮೇಲೇ ಪೋಲರಾಯ್ಡ್ ಹಾಳೆ ಅಂಟಿಸಿರುವುದರಿಂದ ಅಲ್ಲಿಂದ ಬರುವ ಬೆಳಕು ಆಗಲೇ ಧ್ರುವೀಕೃತ. ಇನ್ನೊಂದು ಪೋಲರಾಯ್ಡ್ ಹಾಳೆಯನ್ನು, ಕೆಟ್ಟ ಕ್ಯಾಲ್ಕ್ಯುಲೇಟರಿನಿಂದ ಬಿಡಿಸಿಕೊಂಡದ್ದಾದರೂ ಸರಿ, ಅದರ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಈಗ ಎರಡರ ನಡುವೆ ಅಂಟು ತೆಗೆದ ರೇಷ್ಮೆ ನೂಲಿನ ನಾಲ್ಕಾರು ಎಳೆ ಹಿಡಿಯಿರಿ. ಕಪ್ಪು ಹಿನ್ನೆಲೆಯಲ್ಲಿ ಎಳೆಗಳು ಬೆಳಗುತ್ತವೆ. ಹಾಳೆಯ ದಿಕ್ಕಿಗೆ 45 ಡಿಗ್ರಿ ಓರೆಯಾಗಿ ಹಿಡಿದಾಗ ಬೆಳಕು ಅತಿ ಹೆಚ್ಚು. ಹಾಳೆಯ ದಿಕ್ಕಿಗೆ ಸರಿಯಾಗಿಯೋ ಅಡ್ಡವಾಗಿಯೋ ಇಟ್ಟರೆ ಎಳೆ ಬಹುಮಟ್ಟಿಗೆ ಮಾಯ.

ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಒಂದೇ ಎಳೆಯನ್ನಿಟ್ಟು, ಮೇಲೊಂದು ಕೆಳಗೊಂದು ಪೋಲರಾಯ್ಡ್ ತುಂಡನ್ನು ಪರಸ್ಪರ ಅಡ್ಡವಾಗಿ ಹಾಕಿದರೆ ಬಣ್ಣವೂ ಕಾಣುತ್ತದೆ. ರೇಷ್ಮೆ ಎಳೆಯ ಅಡ್ಡಕೊಯ್ತ ದುಂಡಗಿಲ್ಲ, ಮೂಲೆ ಸವೆದ ತ್ರಿಕೋನ ಅದು. ಅಂಚಿನಲ್ಲಿ ದಪ್ಪ ಕಡಿಮೆ, ನಡುವೆ ಹೆಚ್ಚು. ದಪ್ಪಕ್ಕೆ ತಕ್ಕ ಹಾಗೆ ಎಳೆಯ ಉದ್ದಕ್ಕೂ ಬೇರೆಬೇರೆ ಬಣ್ಣದ ಪಟ್ಟಿಗಳು ಏಳುತ್ತವೆ.

ಇದಕ್ಕೆಲ್ಲ ಕಾರಣ ಹುಳು ಎಳೆ ತೆಗೆಯುವ ರೀತಿ. ಹುಳುವಿನ ಗ್ರಂಥಿಯಲ್ಲಿ ರೇಷ್ಮೆ ಇರುವುದು ಮಂದ ದ್ರವವಾಗಿ. ಹುಳು ತುದಿಯನ್ನು ಒಂದೆಡೆ ಅಂಟಿಸಿ, ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ ಎಳೆಯುತ್ತದೆ. ಆ ಎಳೆತಕ್ಕೆ ಫೈಬ್ರಾಯಿನ್ ಎಂಬ ಪ್ರೋಟೀನಿನ ಉದ್ದನೆಯ ಸರಪಳಿಗಳು ಎಳೆಯ ಉದ್ದಕ್ಕೂ ಸಾಲಾಗಿ ನಿಂತು ಗಟ್ಟಿಯಾಗುತ್ತವೆ. ಉದ್ದಕ್ಕೆ ಒಂದು ರಚನೆ, ಅಡ್ಡಕ್ಕೆ ಇನ್ನೊಂದು ರಚನೆ ಉಂಟಾಗುವುದರಿಂದ ಬೆಳಕಿನ ವೇಗವೂ ಎರಡು ತೆರನಾಗುತ್ತದೆ. ಎಳೆಯ ಉದ್ದಕ್ಕೆ ಕಂಪಿಸುವ ಬೆಳಕಿಗೆ ವಕ್ರೀಭವನ ಸೂಚ್ಯಂಕ ಸುಮಾರು 1.59, ಅಡ್ಡಕ್ಕೆ ಕಂಪಿಸುವ ಬೆಳಕಿಗೆ ಸುಮಾರು 1.54. ಒಂದು ಹಿಂದುಳಿಯುತ್ತದೆ, ಇನ್ನೊಂದು ಮುಂದೆ ಹೋಗುತ್ತದೆ. ಹೊರಗೆ ಬಂದು ಮತ್ತೆ ಸೇರುವಾಗ ಕಂಪನದ ದಿಕ್ಕು ಮೊದಲಿನಂತಿರುವುದಿಲ್ಲ. ಇದೇ ದ್ವಿವಕ್ರೀಭವನ.

ಕಾಗದದ ಮೇಲೆ ಲೆಕ್ಕ ಹಾಕೋಣ. ಹಸಿರು ಬೆಳಕಿನ ಅಲೆಯುದ್ದ ಸುಮಾರು 550 ನ್ಯಾನೊಮೀಟರ್. ಎರಡು ಕಂಪನಗಳ ನಡುವೆ ಅರ್ಧ ಅಲೆಯ, ಅಂದರೆ 275 ನ್ಯಾನೊಮೀಟರಿನ ಅಂತರ ಬರಲು ಐದೂವರೆ ಮೈಕ್ರಾನ್ ರೇಷ್ಮೆ ಸಾಕು. ಪ್ರಯೋಗಾಲಯಗಳಲ್ಲಿ ಅರ್ಧ ತರಂಗ ಫಲಕ ಎಂದು ಬಳಸುವ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಜ್, ಇದೇ ಕೆಲಸಕ್ಕೆ ಸುಮಾರು 30 ಮೈಕ್ರಾನ್ ದಪ್ಪವಿರಬೇಕು. ಅಷ್ಟು ತೆಳ್ಳಗೆ ಅರೆದರೆ ಕ್ವಾರ್ಟ್ಜ್ ಮುರಿಯುತ್ತದೆ ಎಂದು ದಪ್ಪನೆಯ ಎರಡು ಬಿಲ್ಲೆಗಳನ್ನು ಪರಸ್ಪರ ಅಡ್ಡವಾಗಿ ಜೋಡಿಸಿ, ಒಂದರ ಪರಿಣಾಮದಲ್ಲಿ ಇನ್ನೊಂದನ್ನು ಕಳೆದು, ಉಳಿದ ವ್ಯತ್ಯಾಸವನ್ನು ಬಳಸಿಕೊಳ್ಳುತ್ತಾರೆ. ಗಾತ್ರ ಕುಗ್ಗಬೇಕಾದರೆ ವಸ್ತುವಿನೊಳಗೆ ದಿಕ್ಕಿನ ಶಿಸ್ತು ಹೆಚ್ಚಬೇಕು ಎಂಬುದನ್ನು ರೇಷ್ಮೆ ಹೀಗೆ ಕಣ್ಣೆದುರು ತೋರಿಸಿಕೊಡುತ್ತದೆ.

ಗೌರಿಬಿದನೂರಿನ ಬಯಲಿನಿಂದ

ಶಿಡ್ಲಘಟ್ಟ ಇರುವ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಇದೇ ಪಾಠ ಭಾರೀ ಗಾತ್ರದಲ್ಲಿದೆ. ಗೌರಿಬಿದನೂರಿನ ಹತ್ತಿರ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ರೇಡಿಯೊ ದೂರದರ್ಶಕ ಕಟ್ಟಿದವು. 34.5 ಮೆಗಾಹರ್ಟ್ಜ್ ಆವರ್ತನದಲ್ಲಿ ಆಕಾಶವನ್ನು ಆಲಿಸಲು 1000 ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟರು. ಪೂರ್ವ-ಪಶ್ಚಿಮ ತೋಳಿನ ಉದ್ದ ಸುಮಾರು 1.4 ಕಿಲೋಮೀಟರ್. ಅಲ್ಲಿಗೆ ಬರುವ ರೇಡಿಯೊ ಅಲೆಯ ಉದ್ದ ಸುಮಾರು 8.7 ಮೀಟರ್.

ರೇಡಿಯೊ ಅಲೆಯೂ ಬೆಳಕೂ ಒಂದೇ ಜಾತಿಯವು, ವ್ಯತ್ಯಾಸ ಅಲೆಯ ಉದ್ದದಲ್ಲಿ ಮಾತ್ರ. ತಂತಿಯ ಡೈಪೋಲ್ ತನ್ನ ಉದ್ದಕ್ಕೆ ಕಂಪಿಸುವ ಅಲೆಯನ್ನಷ್ಟೇ ಹಿಡಿಯುತ್ತದೆ, ಅಡ್ಡಕ್ಕೆ ಕಂಪಿಸುವುದನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಒಂದಕ್ಕೊಂದು ಲಂಬವಾಗಿ ನಿಲ್ಲಿಸಿದ ಆಂಟೆನಾಗಳಿಂದ ಧ್ರುವೀಕರಣವನ್ನು ಅಳೆಯಬಹುದು. ಗೌರಿಬಿದನೂರಿನಲ್ಲಿ ಮುಂದೆ ಇದಕ್ಕೆಂದೇ ಪೋಲರಿಮೀಟರ್ ಕಟ್ಟಿದರು. ಸೂರ್ಯನ ಹೊರ ವಾತಾವರಣದಿಂದ ಸಿಡಿಯುವ ರೇಡಿಯೊ ಅಲೆಗಳ ವೃತ್ತೀಯ ಧ್ರುವೀಕರಣವನ್ನು ಅಳೆದು ಅಲ್ಲಿನ ಕಾಂತಕ್ಷೇತ್ರದ ಬಲವನ್ನು ಲೆಕ್ಕ ಹಾಕಿದರು. ಯಾವ ನೌಕೆಯೂ ಇನ್ನೂ ತಲುಪದಷ್ಟು ಸೂರ್ಯನ ಹತ್ತಿರದ ಜಾಗದ ಕಾಂತಕ್ಷೇತ್ರ, ಅಲೆ ಸುತ್ತುವ ರೀತಿಯಿಂದ ತಿಳಿಯಿತು.

ಅಲೆಯ ಗಾತ್ರಕ್ಕೆ ತಕ್ಕ ತಂತಿ ಜೋಡಿಸಿ ಧ್ರುವೀಕರಣವನ್ನು ಆಳುವುದು ಹಳೆಯ ಉಪಾಯ. 1888ರಲ್ಲಿ ಜರ್ಮನಿಯ ಹೈನ್‌ರಿಖ್ ಹರ್ಟ್ಜ್ ತಂತಿಗಳ ಜಾಲರಿಯಿಂದ ರೇಡಿಯೊ ಅಲೆಯ ಕಂಪನದ ದಿಕ್ಕನ್ನು ಪರೀಕ್ಷಿಸಿದರು. ಅದಾದ ಕೆಲವೇ ವರ್ಷಕ್ಕೆ ಕಲ್ಕತ್ತದಲ್ಲಿ ಜಗದೀಶ್ ಚಂದ್ರ ಬೋಸ್ ಅಲೆಯ ಉದ್ದವನ್ನು ಮಿಲಿಮೀಟರುಗಳಿಗೆ ಇಳಿಸಿ, ರೈಲ್ವೆ ವೇಳಾಪಟ್ಟಿ ಪುಸ್ತಕದ ಹಾಳೆಗಳ ನಡುವೆ ತವರದ ತಗಡು ಸೇರಿಸಿ ಧ್ರುವಕ ಮಾಡಿಕೊಂಡರು. 1898ರಲ್ಲಿ ಅವರು ಸೆಣಬಿನ ನಾರನ್ನು ಹುರಿಗೊಳಿಸಿ ಕಟ್ಟಿ ಅಲೆಯ ದಾರಿಯಲ್ಲಿಟ್ಟರು. ಬಲಕ್ಕೆ ಹುರಿಗೊಳಿಸಿದ ಕಟ್ಟು ಕಂಪನವನ್ನು ಒಂದು ಕಡೆಗೆ ತಿರುಗಿಸಿತು, ಎಡಕ್ಕೆ ಹುರಿಗೊಳಿಸಿದ್ದು ಇನ್ನೊಂದು ಕಡೆಗೆ. ವಸ್ತು ಎರಡರಲ್ಲೂ ಸೆಣಬೇ, ಬದಲಾದದ್ದು ಜೋಡಣೆ. ಇಂದು ಮೆಟಾಮೆಟೀರಿಯಲ್ ಎಂದು ಕರೆಯುವ ಕೃತಕ ರಚನೆಗಳ ಇತಿಹಾಸವನ್ನು ಬರೆಯುವವರು ಈ ಸೆಣಬಿನ ಕಟ್ಟಿನಿಂದಲೇ ಆರಂಭಿಸುವುದುಂಟು.

ಗೌರಿಬಿದನೂರಿನ ಅಲೆಗಿಂತ ಹಸಿರು ಬೆಳಕಿನ ಅಲೆ ಸುಮಾರು ಒಂದೂವರೆ ಕೋಟಿ ಪಟ್ಟು ಚಿಕ್ಕದು. ಅದೇ ಉಪಾಯ ಬೆಳಕಿಗೆ ನಡೆಯಬೇಕಾದರೆ ಆಂಟೆನಾಗಳು ನೂರಿನ್ನೂರು ನ್ಯಾನೊಮೀಟರಿಗೆ ಇಳಿಯಬೇಕು. ಕಂಪ್ಯೂಟರ್ ಚಿಪ್ಪು ಕೊರೆಯುವ ಲಿಥೋಗ್ರಫಿ ಬೆಳೆಯುವವರೆಗೆ ಆ ಗಾತ್ರದಲ್ಲಿ ಏನನ್ನಾದರೂ ಬೇಕಾದ ಹಾಗೆ ನಿಲ್ಲಿಸಲು ಮನುಷ್ಯರ ಕೈಯಲ್ಲಿ ಸಾಧ್ಯವಿರಲಿಲ್ಲ. ಗಣಿತ ಮಾತ್ರ ಅದಕ್ಕೆ ಬಹಳ ಮೊದಲೇ ಸಿದ್ಧವಾಗಿತ್ತು.

ಪಂಚರತ್ನಂ ಕೇಳಿದ ಪ್ರಶ್ನೆ

ಶಿವರಾಮಕೃಷ್ಣನ್ ಪಂಚರತ್ನಂ ಹುಟ್ಟಿದ್ದು 1934ರಲ್ಲಿ ಕಲ್ಕತ್ತದಲ್ಲಿ. ಸಿ.ವಿ. ರಾಮನ್ ಅವರ ಸೋದರಳಿಯ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಗೆ ಹತ್ತೊಂಬತ್ತರ ಹರೆಯದಲ್ಲೇ ಸೇರಿ, ಹರಳುಗಳೊಳಗೆ ಬೆಳಕು ಹೇಗೆ ಸಾಗುತ್ತದೆ ಎಂಬ ಕೆಲಸಕ್ಕೆ ತೊಡಗಿದರು. ನೋಡುವ ದಿಕ್ಕು ಬದಲಾದಂತೆ ಬಣ್ಣ ಬದಲಿಸುವ ಅಯೋಲೈಟ್ ಹರಳು ಅವರ ಪ್ರಯೋಗದ ಮುಖ್ಯ ವಸ್ತು.

1955ರಲ್ಲಿ ಅವರು ಬಿಡಿಸಿದ ಒಂದು ಸಮಸ್ಯೆ ಇವತ್ತಿಗೂ ಉಪಯೋಗದಲ್ಲಿದೆ. ತರಂಗ ಫಲಕ ಒಂದು ಬಣ್ಣಕ್ಕೆ ಸರಿಹೋದರೆ ಇನ್ನೊಂದು ಬಣ್ಣಕ್ಕೆ ಸರಿಹೋಗುವುದಿಲ್ಲ. ಒಂದೇ ಬಗೆಯ ಮೂರು ಫಲಕಗಳನ್ನು ಲೆಕ್ಕ ಹಾಕಿದ ಕೋನಗಳಲ್ಲಿ ಒಂದರ ಹಿಂದೊಂದು ಇಟ್ಟರೆ ಒಂದರ ದೋಷವನ್ನು ಇನ್ನೊಂದು ತಿದ್ದುತ್ತದೆ, ವಿಶಾಲ ಬಣ್ಣಪಟ್ಟಿಗೆಲ್ಲ ಒಂದೇ ಜೋಡಣೆ ಸಾಕಾಗುತ್ತದೆ ಎಂದು ತೋರಿಸಿದರು. ಖಗೋಳ ದೂರದರ್ಶಕಗಳ ಪೋಲರಿಮೀಟರುಗಳಲ್ಲಿ ಪಂಚರತ್ನಂ ಜೋಡಣೆ ಎಂದೇ ಅದು ಹೆಸರಾಯಿತು.

ಮರುವರ್ಷ, 1956ರಲ್ಲಿ, ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಅವರ ದೊಡ್ಡ ಲೇಖನ ಬಂತು. ಅದರಲ್ಲಿ ಅವರು ಎತ್ತಿಕೊಂಡ ಪ್ರಶ್ನೆ ಸರಳವಾದದ್ದು. ಕಂಪನದ ದಿಕ್ಕು ಬೇರೆಬೇರೆಯಾಗಿರುವ ಎರಡು ಬೆಳಕಿನ ಕಿರಣಗಳು ಹೆಜ್ಜೆ ಹೊಂದಿವೆ ಎಂದು ಯಾವಾಗ ಹೇಳಬಹುದು? ಎರಡನ್ನೂ ಸೇರಿಸಿದಾಗ ಹೊಳಪು ಅತಿ ಹೆಚ್ಚಾದರೆ ಅವು ಹೆಜ್ಜೆ ಹೊಂದಿವೆ ಎಂಬುದು ಅವರ ಉತ್ತರ. ಅಲ್ಲಿಂದ ಹೊರಟು ಅವರು ತಲುಪಿದ್ದು ಯಾರೂ ಊಹಿಸದ ಜಾಗಕ್ಕೆ. ಮೊದಲನೆಯ ಕಿರಣ ಎರಡನೆಯದರೊಂದಿಗೆ ಹೆಜ್ಜೆ ಹೊಂದಿದ್ದು, ಎರಡನೆಯದು ಮೂರನೆಯದರೊಂದಿಗೆ ಹೆಜ್ಜೆ ಹೊಂದಿದ್ದರೂ, ಮೂರನೆಯದು ಮೊದಲನೆಯದರೊಂದಿಗೆ ಹೆಜ್ಜೆ ಹೊಂದಿರಬೇಕಾಗಿಲ್ಲ. ಒಂದು ನಿಶ್ಚಿತ ವ್ಯತ್ಯಾಸ ಉಳಿದುಬಿಡುತ್ತದೆ.

ಈ ವ್ಯತ್ಯಾಸದ ಅಳತೆ ಒಂದು ಗೋಳದ ಮೇಲಿದೆ. ಧ್ರುವೀಕರಣದ ಎಲ್ಲ ಸ್ಥಿತಿಗಳನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಬಹುದು ಎಂದು ಫ್ರಾನ್ಸಿನ ಗಣಿತಜ್ಞ ಆನ್ರಿ ಪೊಯಂಕಾರೆ ಮೊದಲೇ ತೋರಿಸಿದ್ದರು. ಸಮಭಾಜಕದ ಮೇಲೆ ರೇಖೀಯ ಬಗೆಗಳು, ಎರಡು ಧ್ರುವಗಳಲ್ಲಿ ಬಲಸುತ್ತು ಮತ್ತು ಎಡಸುತ್ತು. ಬೆಳಕಿನ ಸ್ಥಿತಿಯನ್ನು ಬದಲಿಸುತ್ತ ಬದಲಿಸುತ್ತ ಮತ್ತೆ ಮೊದಲ ಸ್ಥಿತಿಗೇ ತಂದರೆ ಈ ಗೋಳದ ಮೇಲೆ ಒಂದು ಸುತ್ತು ಪೂರ್ತಿಯಾಗುತ್ತದೆ. ಆ ಸುತ್ತು ಆವರಿಸಿದ ಜಾಗ ಗೋಳದ ಕೇಂದ್ರದಲ್ಲಿ ಮಾಡುವ ಘನಕೋನದ ಅರ್ಧದಷ್ಟು ಬೆಳಕಿನ ಫೇಸ್, ಅಂದರೆ ಅಲೆಯ ಹೆಜ್ಜೆ, ಸರಿದಿರುತ್ತದೆ ಎಂದು ಪಂಚರತ್ನಂ ಸಾಧಿಸಿದರು.

ಭೂಮಿಯ ಉತ್ತರ ಧ್ರುವದಿಂದ ಒಬ್ಬರು ಕೋಲನ್ನು ಮುಂದಕ್ಕೆ ಚಾಚಿ ಹೊರಟರು ಎಂದುಕೊಳ್ಳಿ. ಸಮಭಾಜಕಕ್ಕೆ ಇಳಿದು, ಕೋಲನ್ನು ತಿರುಗಿಸದೆಯೇ ಪಕ್ಕಕ್ಕೆ ಕಾಲು ಸುತ್ತು ನಡೆದು, ಮತ್ತೆ ಉತ್ತರ ಧ್ರುವಕ್ಕೆ ವಾಪಸಾದರೆ ಕೋಲು ಹೊರಟಾಗಿನ ದಿಕ್ಕಿಗೆ 90 ಡಿಗ್ರಿ ಓರೆಯಾಗಿರುತ್ತದೆ. ದಾರಿಯಲ್ಲಿ ಎಲ್ಲಿಯೂ ಅದನ್ನು ತಿರುಗಿಸಿದ್ದಿಲ್ಲ, ನಡೆದ ನೆಲ ದುಂಡಗಿದ್ದದ್ದೇ ಕಾರಣ. ಪಂಚರತ್ನಂ ಫೇಸ್ ಕೂಡ ಹೀಗೆಯೇ ದಾರಿಯ ಆಕಾರದಿಂದ ಹುಟ್ಟುತ್ತದೆ. ಗಾಜಿನ ದಪ್ಪವನ್ನೋ ಬೆಳಕು ಕ್ರಮಿಸಿದ ದೂರವನ್ನೋ ಅದು ಅವಲಂಬಿಸುವುದಿಲ್ಲ.

1961ರಲ್ಲಿ ಪಂಚರತ್ನಂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಅಧ್ಯಾಪಕರಾಗಿ ಹೋದರು. 1964ರಲ್ಲಿ ಆಕ್ಸ್‌ಫರ್ಡ್ ಸೇರಿದರು. 1969ರಲ್ಲಿ, 35ನೇ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. 1984ರಲ್ಲಿ ಬ್ರಿಸ್ಟಲ್‌ನ ಮೈಕೆಲ್ ಬೆರ್ರಿ ಕ್ವಾಂಟಂ ಭೌತಶಾಸ್ತ್ರದಲ್ಲಿ ಇಂಥದೇ ಜ್ಯಾಮಿತೀಯ ಫೇಸ್ ಕಂಡುಹಿಡಿದು ಪ್ರಸಿದ್ಧರಾದಾಗ, ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ 1986ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದು 1956ರ ಲೇಖನದ ಕಡೆಗೆ ಜಗತ್ತಿನ ಗಮನ ಸೆಳೆದರು. ಬೆರ್ರಿ ಬೆಂಗಳೂರಿಗೆ ಬಂದರು, ಪಂಚರತ್ನಂ ಬರಹಗಳನ್ನು ಓದಿದರು, ತಮಗಿಂತ ಮೊದಲೇ ಈ ದಾರಿ ತುಳಿದವರಿಗೆ ಸಲ್ಲಬೇಕಾದ ಗೌರವವನ್ನು ತುಂಬು ಮನಸ್ಸಿನಿಂದ ಬರಹದಲ್ಲಿ ದಾಖಲಿಸಿದರು. ರಾಮನ್ ಸಂಶೋಧನಾ ಸಂಸ್ಥೆಯಲ್ಲೇ ಜೋಸೆಫ್ ಸ್ಯಾಮ್ಯುಯಲ್ ಮತ್ತು ರಾಜೇಂದ್ರ ಭಂಡಾರಿ 1988ರಲ್ಲಿ ಈ ಚಿಂತನೆಯನ್ನು ಇನ್ನಷ್ಟು ವಿಸ್ತರಿಸಿದರು. ಇಂದು ಅದು ಪಂಚರತ್ನಂ-ಬೆರ್ರಿ ಫೇಸ್.

ಕೋನವೇ ಮಸೂರ

ಈ ಗಣಿತ ಸಾಧನವಾದ ಬಗೆ ಹೀಗೆ. ನ್ಯಾನೊ ಗಾತ್ರದ ಒಂದು ಚಪ್ಪಟೆ ಕಂಬವನ್ನು ಅರ್ಧ ತರಂಗ ಫಲಕವಾಗಿ ಕೆಲಸ ಮಾಡುವ ಹಾಗೆ ಗಾಜಿನ ಮೇಲೆ ನಿಲ್ಲಿಸಿದರೆ, ಬಲಸುತ್ತಿನ ಬೆಳಕು ಅದನ್ನು ಹಾದು ಎಡಸುತ್ತಿನದಾಗಿ ಹೊರಬರುತ್ತದೆ. ಕಂಬವನ್ನು 30 ಡಿಗ್ರಿ ತಿರುಗಿಸಿ ನಿಲ್ಲಿಸಿದರೆ ಹೊರಬರುವ ಬೆಳಕಿನ ಫೇಸ್ 60 ಡಿಗ್ರಿ ಸರಿದಿರುತ್ತದೆ. 90 ಡಿಗ್ರಿ ತಿರುಗಿಸಿದರೆ 180. ಕಂಬದ ಎತ್ತರ, ಅಗಲ, ವಸ್ತು ಯಾವುದೂ ಬದಲಾಗಬೇಕಿಲ್ಲ. ಎಲ್ಲ ಕಂಬಗಳೂ ಒಂದೇ ಅಚ್ಚಿನವು, ನಿಂತ ಕೋನ ಮಾತ್ರ ಬೇರೆ.

ಮಾಮೂಲಿ ಮಸೂರ ಬೆಳಕನ್ನು ಒಂದು ಬಿಂದುವಿಗೆ ತರುವುದು ನಡುವೆ ಗಾಜನ್ನು ದಪ್ಪಗೆ, ಅಂಚಿನಲ್ಲಿ ತೆಳ್ಳಗೆ ಇಟ್ಟು. ಇಲ್ಲಿ ಗಾಜಿಗೆ ಉಬ್ಬು ಬೇಡ. ನಡುವಿನಿಂದ ಅಂಚಿನವರೆಗೆ ಕಂಬಗಳ ಕೋನವನ್ನು ಲೆಕ್ಕಕ್ಕೆ ಸರಿಯಾಗಿ ಬದಲಿಸುತ್ತ ಹೋದರೆ ಚಪ್ಪಟೆ ಹಾಳೆಯೇ ಮಸೂರವಾಗುತ್ತದೆ. ಬೇರೆ ಲೆಕ್ಕ ಹಾಕಿದರೆ ಅದೇ ಹಾಳೆ ಬಲಸುತ್ತನ್ನು ಒಂದು ಕಡೆಗೆ, ಎಡಸುತ್ತನ್ನು ಇನ್ನೊಂದು ಕಡೆಗೆ ಕಳಿಸುತ್ತದೆ. ಇಂಥ ಹಾಳೆಗಳಿಗೆ ಮೆಟಾಸರ್ಫೇಸ್ ಎಂದು ಹೆಸರು. 2002ರಲ್ಲಿ ಇಸ್ರೇಲಿನ ಟೆಕ್ನಿಯಾನ್‌ನಲ್ಲಿ ಎರೆಜ್ ಹಸ್ಮಾನ್ ತಂಡ ಅವಕೆಂಪು ಬೆಳಕಿಗೆ ಪಂಚರತ್ನಂ-ಬೆರ್ರಿ ಸಾಧನಗಳನ್ನು ಕೊರೆದು ತೋರಿಸಿತು. 2016ರಲ್ಲಿ ಹಾರ್ವರ್ಡ್‌ನ ಫೆಡೆರಿಕೊ ಕಪಾಸೊ ತಂಡ ಟೈಟಾನಿಯಂ ಡೈಆಕ್ಸೈಡಿನ ಕಂಬಗಳಿಂದ ಕಣ್ಣಿಗೆ ಕಾಣುವ ಬೆಳಕಿಗೇ ಮಸೂರ ಮಾಡಿತು. ಕಂಬಗಳ ಎತ್ತರ 600 ನ್ಯಾನೊಮೀಟರ್, ಅಗಲ ನೂರಕ್ಕೂ ಕಡಿಮೆ. ರೇಷ್ಮೆ ಎಳೆಯೊಂದರ ದಪ್ಪದಲ್ಲಿ ಇಂಥ ಹದಿನೈದು ಪದರ ಹಿಡಿಸುತ್ತದೆ.

ಪಂಚರತ್ನಂ ಅವರ ಅಣ್ಣ ಎಸ್. ಚಂದ್ರಶೇಖರ್ ಅವರ ಕೆಲಸವೂ ಇಲ್ಲಿಗೇ ಬಂದು ಕೂಡುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ದ್ರವಸ್ಫಟಿಕಗಳ ಸಂಶೋಧನೆ ಕಟ್ಟಿ, 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಅವರು 1977ರಲ್ಲಿ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಎಲ್‌ಸಿಡಿ ಪರದೆಯನ್ನು ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತಿದ್ದ ತೊಂದರೆಯನ್ನು ತಿದ್ದಲು 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಮಾಡಿದ ತೆಳುಹಾಳೆ ಇಂಥ ಬಿಲ್ಲೆ ಅಣುಗಳದ್ದೇ. ಇವತ್ತು ದ್ರವಸ್ಫಟಿಕದ ಅಣುಗಳನ್ನು ಜಾಗದಿಂದ ಜಾಗಕ್ಕೆ ಕೋನ ಬದಲಿಸಿ ನಿಲ್ಲಿಸಿ, ಕೆಲವೇ ಮೈಕ್ರಾನ್ ದಪ್ಪದ ಪಂಚರತ್ನಂ-ಬೆರ್ರಿ ಮಸೂರಗಳನ್ನು ಮಾಡುತ್ತಾರೆ. ಅಣ್ಣ ಪಳಗಿಸಿದ ವಸ್ತುವಿನಲ್ಲಿ ತಮ್ಮ ಬರೆದ ಗಣಿತ ಕೆಲಸ ಮಾಡುತ್ತಿದೆ.

ತೊಡಕುಗಳಿಲ್ಲವೆಂದಲ್ಲ. ಕೋನದಿಂದ ಬರುವ ಫೇಸ್ ಎಲ್ಲ ಬಣ್ಣಕ್ಕೂ ಒಂದೇ ಆದರೂ, ಕಂಬ ಅರ್ಧ ತರಂಗ ಫಲಕವಾಗಿ ಪೂರ್ತಿ ಕೆಲಸ ಮಾಡುವುದು ಒಂದು ಬಣ್ಣಕ್ಕೆ ಮಾತ್ರ. ಉಳಿದ ಬಣ್ಣಗಳ ಒಂದಷ್ಟು ಬೆಳಕು ತಿರುಗದೆ ಸೋರಿಹೋಗುತ್ತದೆ. ಎಲೆಕ್ಟ್ರಾನ್ ಕಿರಣದಿಂದ ಕಂಬಗಳನ್ನು ಒಂದೊಂದಾಗಿ ಕೊರೆಯುವುದು ನಿಧಾನ, ದುಬಾರಿ. ಚಿಪ್ಪು ಕಾರ್ಖಾನೆಯ ಯಂತ್ರಗಳಲ್ಲಿ ಒಟ್ಟಿಗೆ ಅಚ್ಚು ಹಾಕಿದರೆ ಮಾತ್ರ ಬೆಲೆ ಇಳಿಯುತ್ತದೆ. ಬಣ್ಣದ ತೊಡಕು ಬಿಡಿಸಲು ಪದರದ ಮೇಲೆ ಪದರವನ್ನು ಬೇರೆಬೇರೆ ಕೋನದಲ್ಲಿ ಇಡುವವರು 1955ರ ಮೂರು ಫಲಕಗಳ ದಾರಿಯಲ್ಲೇ ನಡೆಯುತ್ತಿದ್ದಾರೆ.

ಯಾರಿಗೆ ಬೇಕು?

ಧ್ರುವೀಕರಣ ಅಳೆಯುವ ಸಾಧನ ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳ ಲ್ಯಾಬಿನಲ್ಲಿ ಕಬ್ಬಿನ ರಸದ ಪೋಲ್ ಅಳೆಯುವುದು ಇದರಿಂದಲೇ. ಉದ್ದನೆಯ ಕೊಳವೆಯಲ್ಲಿ ತುಂಬಿದ ರಸ ಕಂಪನದ ದಿಕ್ಕನ್ನು ಎಷ್ಟು ಡಿಗ್ರಿ ತಿರುಗಿಸುತ್ತದೆ ಎಂಬುದರಿಂದ ಸಕ್ಕರೆಯ ಅಂಶ ತಿಳಿಯುತ್ತದೆ.

ಮೇಜಿನ ಮೇಲಿನ ಆ ಯಂತ್ರ ಬೆರಳ ತುದಿಯ ಗಾತ್ರಕ್ಕೆ ಬಂದರೆ ಏನೇನಾಗುತ್ತದೆ ಎಂಬುದು ಈಗಾಗಲೇ ಕಾಣತೊಡಗಿದೆ. 2018ರಲ್ಲಿ ಸೋನಿ ಕಂಪನಿ ಕ್ಯಾಮೆರಾ ಚಿಪ್ಪಿನ ಪಿಕ್ಸೆಲ್‌ಗಳ ಮೇಲೆ ನಾಲ್ಕು ದಿಕ್ಕಿನ ನ್ಯಾನೊ ತಂತಿ ಜಾಲರಿ ಕೂರಿಸಿತು. ಹರ್ಟ್ಜ್ ಜಾಲರಿ ಚಿಪ್ಪಿನೊಳಗೆ ಬಂದದ್ದು ಹೀಗೆ. ಗಾಜಿನ ಮೇಲಿನ ಗೀರು, ಪ್ಲಾಸ್ಟಿಕ್ಕಿನೊಳಗಿನ ಬಿಗಿತ ಇಂಥ ಕ್ಯಾಮೆರಾಗೆ ತಟ್ಟನೆ ಕಾಣುತ್ತದೆ. 2019ರಲ್ಲಿ ಹಾರ್ವರ್ಡ್ ತಂಡ ಒಂದೇ ಮೆಟಾಸರ್ಫೇಸ್‌ನಿಂದ ಬೆಳಕನ್ನು ನಾಲ್ಕಾಗಿ ಸೀಳಿ, ರೇಖೀಯವನ್ನೂ ವೃತ್ತೀಯವನ್ನೂ ಒಂದೇ ಕ್ಲಿಕ್ಕಿನಲ್ಲಿ ಅಳೆಯುವ ಪುಟ್ಟ ಕ್ಯಾಮೆರಾ ಮಾಡಿತು. ತಿರುಗುವ ಫಲಕ, ಮೋಟಾರು ಯಾವುದೂ ಅದರಲ್ಲಿಲ್ಲ. ಚರ್ಮದಡಿಯ ಕೊಲಾಜನ್ ಕೂಡ ರೇಷ್ಮೆಯಂತೆ ದ್ವಿವಕ್ರೀಭವನದ ನಾರು. ಅದರ ಜೋಡಣೆ ಕೆಟ್ಟಿದೆಯೇ ಎಂದು ದೇಹದೊಳಗೇ ನೋಡಬೇಕಾದರೆ ಎಂಡೋಸ್ಕೋಪಿನ ತುದಿಗೆ ಹಿಡಿಸುವ ಧ್ರುವೀಕರಣ ಸಾಧನ ಬೇಕು.

ಉಪಗ್ರಹಗಳಲ್ಲಂತೂ ಪ್ರತಿ ಗ್ರಾಂ ಲೆಕ್ಕಕ್ಕೆ ಬರುತ್ತದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಸೌರ ನೌಕೆ ಆದಿತ್ಯ-ಎಲ್1ರ ಮುಖ್ಯ ಉಪಕರಣವನ್ನು ಕಟ್ಟಿದ್ದು ಸಾದಲಿಗೆ ದೂರವಲ್ಲದ ಹೊಸಕೋಟೆಯಲ್ಲಿರುವ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಆವರಣದಲ್ಲಿ. ಸೂರ್ಯನ ಕರೋನಾದ ಅವಕೆಂಪು ಬೆಳಕಿನ ಧ್ರುವೀಕರಣ ಅಳೆಯುವ ಸೌಲಭ್ಯ ಅದರಲ್ಲಿದೆ. 2024ರ ಜನವರಿ 1ರಂದು ಹಾರಿದ ಎಕ್ಸ್-ಕಿರಣ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣವನ್ನು ರಾಮನ್ ಸಂಶೋಧನಾ ಸಂಸ್ಥೆ ಮಾಡಿತು. ಎಕ್ಸ್-ಕಿರಣಗಳ ಅಲೆ ಹೆಚ್ಚುಕಡಿಮೆ ಪರಮಾಣುವಿನಷ್ಟೇ ಸಣ್ಣದಾಗಿರುವುದರಿಂದ ಅಲ್ಲಿ ಕಂಬ, ತಂತಿ ಯಾವುದೂ ನಡೆಯದು. ಬೆರಿಲಿಯಂ ಬಿಲ್ಲೆಗೆ ಬಡಿದು ಅವು ಯಾವ ಕಡೆಗೆ ಚದುರುತ್ತವೆ ಎಂಬುದರಿಂದ ಕಂಪನದ ದಿಕ್ಕನ್ನು ಓದುತ್ತಾರೆ. ಗೌರಿಬಿದನೂರಿನ ಮೀಟರುಗಟ್ಟಲೆ ಅಲೆಯಿಂದ ಎಕ್ಸ್-ಕಿರಣದವರೆಗೆ ಧ್ರುವೀಕರಣ ಅಳೆಯುವ ಅನುಭವ ಬೆಂಗಳೂರಿನ ಸುತ್ತಮುತ್ತಲೇ ಇದೆ.

ನಮ್ಮ ಪಾಲು

ಇಷ್ಟಿದ್ದೂ, ಕಾಣುವ ಬೆಳಕಿನ ಸೂಕ್ಷ್ಮ ಸಾಧನಗಳ ತಯಾರಿಕೆಯಲ್ಲಿ ಮುಂದೆ ಹೋದವರು ಹೊರಗಿನವರು. 1956ರಲ್ಲಿ ಒಂದು ಹಿಡಿ ಹರಳು, ಒಂದಷ್ಟು ಕಾಗದ, ಅಸಾಧಾರಣ ಬುದ್ಧಿ ಸಾಕಾಗಿತ್ತು. ಇವತ್ತು ಆ ಬುದ್ಧಿಯ ಜೊತೆಗೆ ಧೂಳಿಲ್ಲದ ಕೋಣೆ, ಲಿಥೋಗ್ರಫಿ ಯಂತ್ರ, ಅದನ್ನು ನಡೆಸಬಲ್ಲ ಕೈಗಳು ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಆ ಸೌಕರ್ಯವಿದೆ, ಮೆಟಾಸರ್ಫೇಸ್ ಸಂಶೋಧನೆಯೂ ನಡೆಯುತ್ತಿದೆ. ಅದು ಕಾರ್ಖಾನೆಯ ಹಂತಕ್ಕೆ ಬೆಳೆಯಬೇಕು. ದೇಶ ಚಿಪ್ಪು ಕಾರ್ಖಾನೆಗಳಿಗೆ ಹಣ ಸುರಿಯುತ್ತಿರುವ ಈ ಹೊತ್ತಿನಲ್ಲಿ ಬೆಳಕಿನ ಚಿಪ್ಪುಗಳಿಗೂ ಅದರಲ್ಲಿ ಪಾಲು ಸಿಗಬೇಕು ಎಂದು ಕೇಳಲು ಬೆಂಗಳೂರಿಗಿಂತ ಹೆಚ್ಚಿನ ಹಕ್ಕುಳ್ಳ ಊರು ಬೇರೆಯಿಲ್ಲ.

ರೇಷ್ಮೆಯ ಕಡೆಯಿಂದಲೂ ದಾರಿ ತೆರೆದಿದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದಲ್ಲಿ ಫಿಯೊರೆಂಜೊ ಒಮೆನೆಟ್ಟೊ ಮತ್ತು ಡೇವಿಡ್ ಕಪ್ಲನ್ ರೇಷ್ಮೆ ಗೂಡನ್ನು ಕರಗಿಸಿ ತೆಗೆದ ಫೈಬ್ರಾಯಿನ್‌ನಿಂದ ಮಸೂರ, ಜಾಲರಿಗಳಂಥ ದೃಕ್ ಸಾಧನಗಳನ್ನು ಅಚ್ಚು ಹಾಕಬಹುದೆಂದು ಹದಿನೈದು ವರ್ಷಕ್ಕೂ ಹಿಂದೆಯೇ ತೋರಿಸಿದರು. ಅವು ದೇಹಕ್ಕೆ ಒಗ್ಗುತ್ತವೆ, ಕೆಲಸ ಮುಗಿದ ಮೇಲೆ ಕರಗುತ್ತವೆ. ನಮ್ಮಲ್ಲಿ ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯ ಪದವಿ ಶಿಕ್ಷಣವಿದೆ, ಮೈಸೂರಿನಲ್ಲಿ ಕೇಂದ್ರದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ಬೆಳಕಿನ ವಿಜ್ಞಾನವಿದೆ. ಎಳೆಯ ದ್ವಿವಕ್ರೀಭವನ ಅಳೆದರೆ ಫೈಬ್ರಾಯಿನ್ ಸರಪಳಿಗಳು ಎಷ್ಟು ನೇರವಾಗಿ ನಿಂತಿವೆ ಎಂಬುದು ತಿಳಿಯುತ್ತದೆ. ತಳಿಯಿಂದ ತಳಿಗೆ, ಬೆಳೆಯಿಂದ ಬೆಳೆಗೆ ಎಳೆಯ ಗುಣ ಹೋಲಿಸಲು ಅದೊಂದು ಒಳ್ಳೆಯ ಅಳತೆ. ಈ ಮೂರು ಊರಿನವರು ಒಂದು ಮೇಜಿನ ಸುತ್ತ ಕೂತರೆ ಹುಳು ಸಾಕುವವರಿಗೂ ಬೆಳಕನ್ನು ಓದುವವರಿಗೂ ಲಾಭವಿದೆ.

ಇದಕ್ಕೆಲ್ಲ ಮೊದಲ ಹೆಜ್ಜೆ ಸಾದಲಿಯಂಥ ಊರಿನ ಪ್ರೌಢಶಾಲೆಯಲ್ಲಿ ಆಗಬೇಕು. ಅಂಗೈಯಗಲದ ಎರಡು ಪೋಲರಾಯ್ಡ್ ಹಾಳೆ, ಒಂದು ಸಾಧಾರಣ ಸೂಕ್ಷ್ಮದರ್ಶಕ, ಮನೆಯಿಂದ ತಂದ ಒಂದು ಗೂಡು: ಇಷ್ಟರಲ್ಲಿ ಒಂದು ತರಗತಿಗೆ ದ್ವಿವಕ್ರೀಭವನವನ್ನು ಕಣ್ಣಾರೆ ತೋರಿಸಬಹುದು. ಆ ಪಾಠದ ಕೊನೆಯಲ್ಲಿ ಪಂಚರತ್ನಂ ಹೆಸರು ಬರಬೇಕು, ಅವರು ಕೇಳಿದ ಪ್ರಶ್ನೆ ಬರಬೇಕು. ತನ್ನ ಮನೆಯ ಹುಳು ನೂತ ಎಳೆಗೂ ಜಗತ್ತಿನ ಅತಿ ಸೂಕ್ಷ್ಮ ಮಸೂರಕ್ಕೂ ಆಧಾರ ಒಂದೇ ಎಂದು ಹದಿನಾಲ್ಕನೇ ವಯಸ್ಸಿಗೇ ತಿಳಿದ ಹುಡುಗಿಗೆ ಆ ಧೂಳಿಲ್ಲದ ಕೋಣೆಯ ಬಾಗಿಲು ತಟ್ಟಲು ಯಾವ ಅಳುಕೂ ಇರುವುದಿಲ್ಲ. ಶಿಕ್ಷಣ ಇಲಾಖೆ, ರೇಷ್ಮೆ ಇಲಾಖೆ, ನಮ್ಮ ವಿಜ್ಞಾನ ಸಂಸ್ಥೆಗಳು ಸೇರಿ ಈ ಕೆಲಸವನ್ನು ಬರುವ ಶೈಕ್ಷಣಿಕ ವರ್ಷದಲ್ಲೇ ಶುರು ಮಾಡಬಹುದು, ಮಾಡಬೇಕು.